ಹಾಸ್ಟೆಲಿಗೆ ಸೇರಿದವಳು ನಾನಲ್ಲ

ನನ್ನ ಗಂಡನ ಮೊದಲ ಹೆಂಡತಿಯ ಮಗಳನ್ನು ಮೈಸೂರಿನ ಕಾಲೇಜಿಗೆ ಕಳಿಸಿದ ವರ್ಷ ಅವಳಿಗೆ ಹದಿನೇಳು, ನನಗೆ ಇಪ್ಪತ್ತೆರಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ನಾನು ಮಾಡಿದ್ದಕ್ಕೂ ಅಂದುಕೊಂಡದ್ದಕ್ಕೂ ಈ ಐದು ವರ್ಷದ ಅಂತರವೇ ಕಾರಣ. ಅವಳು ಇನ್ನೂ ಚಿಕ್ಕವಳಾಗಿದ್ದರೆ ಎತ್ತಿ ಆಡಿಸಬಹುದಿತ್ತು. ನಾನು ಇನ್ನೂ ದೊಡ್ಡವಳಾಗಿದ್ದರೆ ಹೋಗಿ ಬರಲಿ ಬಿಡು ಅನ್ನಬಹುದಿತ್ತು. ಎರಡೂ ಆಗಲಿಲ್ಲ. ನಾನು ಹೊಟ್ಟೆಕಿಚ್ಚು ಪಟ್ಟೆ.

ನನ್ನ ತವರು ಅಜ್ಜಂಪುರ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದೆ. ಓದಿನಲ್ಲಿ ಮುಂದಿದ್ದೆ ಅನ್ನುವುದಕ್ಕೆ ಈಗ ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ, ಆದರೆ ಮುಂದಿದ್ದೆ. ಹೊಲಿಗೆಯ ಪಾಠದಲ್ಲಂತೂ ಮೇಷ್ಟ್ರಮ್ಮ ಕತ್ತರಿಯನ್ನು ನನ್ನ ಕೈಗೆ ಕೊಟ್ಟು ತಾವು ಸುಮ್ಮನೆ ಕೂತುಬಿಡುತ್ತಿದ್ದರು. ಹದಿನೈದಕ್ಕೆ ಮದುವೆಯಾಯಿತು. ಗಂಡು ತರೀಕೆರೆಯ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು, ಒಬ್ಬಳೇ ಮಗಳು. ಎರಡನೇ ಸಂಬಂಧ ಅಂತ ಅಮ್ಮ ಅತ್ತಳು. ಒಳ್ಳೆಯ ಮನುಷ್ಯ ಅಂತ ಅಪ್ಪ ಸಮಾಧಾನ ಹೇಳಿದರು. ಇಬ್ಬರದೂ ಸರಿಯಾಗಿಯೇ ಇತ್ತು.

ನಾನು ಆ ಮನೆಯ ಹೊಸಿಲು ದಾಟಿದಾಗ ಹುಡುಗಿಗೆ ಹತ್ತು ವರ್ಷ. ಯಾರೋ ಹೇಳಿಕೊಟ್ಟಿದ್ದರು, ‘ಚಿಕ್ಕಮ್ಮ’ ಅಂದಳು, ‘ನೀವು’ ಅಂದಳು. ಅಮ್ಮ ಅನ್ನಲಿ ಅಂತ ಮೊದಲೆರಡು ವರ್ಷ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ. ನನ್ನ ಹೊಟ್ಟೆಯಲ್ಲಿ ಮಕ್ಕಳು ಇನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ಮೂರೇ ಜನ. ಅವಳು ಬೆಳಿಗ್ಗೆ ಹೈಸ್ಕೂಲಿಗೆ ಹೊರಡುತ್ತಿದ್ದಳು. ಇಡೀ ತರಗತಿಗೆ ಒಬ್ಬಳೇ ಹುಡುಗಿಯಾದ್ದರಿಂದ ಮೇಷ್ಟ್ರ ಮೇಜಿನ ಪಕ್ಕ ಅವಳಿಗೊಂದು ಬೇರೆ ಬೆಂಚು. ನಾನು ಅವಳ ಬುತ್ತಿ ಕಟ್ಟಿ, ಅವಳ ಜಡೆ ಹೆಣೆದು, ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬೀದಿಯವರು ‘ಇಷ್ಟು ದೊಡ್ಡ ಹುಡುಗಿಗೆ ಇನ್ನೂ ಮದುವೆ ಇಲ್ಲವಾ’ ಅಂದಾಗ ನಮ್ಮವರು ‘ಏನವಸರ, ಓದಲಿ’ ಅನ್ನುತ್ತಿದ್ದರು. ಹದಿನೈದರ ನನ್ನನ್ನು ಕೈಹಿಡಿಯುವಾಗ ಇದೇ ಮನುಷ್ಯನಿಗೆ ಏನವಸರ ಅನ್ನಿಸಿರಲಿಲ್ಲ ಅಂತ, ಒಳಗೆ ನಿಂತು ಕೇಳಿಸಿಕೊಂಡ ನಾನು ಅಂದುಕೊಳ್ಳುತ್ತಿದ್ದೆ.

ಕಾಲೇಜಿಗೆ ಸೇರಿಸಿಕೊಂಡಿದ್ದೇವೆ ಅನ್ನುವ ಕಾಗದ ಮಳೆ ಹಿಡಿಯುವ ಮೊದಲು ಬಂತು. ಅವರು ಕಚೇರಿಯಿಂದ ಮಧ್ಯಾಹ್ನವೇ ಮನೆಗೆ ಬಂದರು. ರುಮಾಲನ್ನೂ ತೆಗೆಯದೆ ಮಗಳನ್ನು ಕೂಗಿದರು. ಅವಳು ನಡುಮನೆಯಲ್ಲಿ ನಿಂತು ಇಂಗ್ಲಿಷಿನ ಕಾಗದವನ್ನು ಗಟ್ಟಿಯಾಗಿ ಓದಿದಳು. ಅವರು ಒಂದೊಂದು ಮಾತಿಗೂ ತಲೆಯಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ‘ಮೈಸೂರು’ ಅನ್ನುವುದೊಂದು ಬಿಟ್ಟು ಏನೂ ತಿಳಿಯಲಿಲ್ಲ.

“ಏನಂತೆ?” ಅಂದೆ.

“ಸೇರಿಸ್ಕೊಂಡಿದಾರಂತೆ ಕಣೇ. ಹಾಸ್ಟೆಲಲ್ಲಿ ಜಾಗಾನೂ ಕೊಟ್ಟಿದಾರೆ,” ಅಂದರು ಅವರು, ನನ್ನ ಕಡೆ ತಿರುಗದೆ.

ಕಾಗದದ ಹಿಂದೆ ಇನ್ನೊಂದು ಹಾಳೆ ಇತ್ತು, ಹಾಸ್ಟೆಲಿಗೆ ತರಬೇಕಾದ ಸಾಮಾನಿನ ಪಟ್ಟಿ. ಅವಳು ಅದನ್ನು ಕನ್ನಡದಲ್ಲಿ ನನಗೆ ಹೇಳಿದಳು: ಟ್ರಂಕು, ಹಾಸಿಗೆ, ಕಂಬಳಿ, ಎರಡು ದುಪ್ಪಟಿ, ತಟ್ಟೆ, ಚೊಂಬು, ಲಾಂದ್ರ, ಛತ್ರಿ, ಆರು ಸೀರೆ, ಆರು ರವಿಕೆ, ಸಿಡುಬಿನ ದಾಕು ಹಾಕಿಸಿದ್ದಕ್ಕೆ ಡಾಕ್ಟರ ಚೀಟಿ. ನಾನು ಬೆರಳು ಮಡಿಸುತ್ತಾ ಹೋದೆ. ನನ್ನ ಮದುವೆಗೂ ಹೀಗೊಂದು ಪಟ್ಟಿ ಆಗಿತ್ತು. ಆದರೆ ಅದರಲ್ಲಿ ನನ್ನ ಸ್ವಂತಕ್ಕೆ ಅಂತ ಒಂದು ಛತ್ರಿಯೂ ಇರಲಿಲ್ಲ.

ಆ ದಿನದಿಂದ ಮನೆಯೆಲ್ಲ ಅವಳದಾಯಿತು. ನನಗೆ ಒಂದು ಸೀರೆ ಬೇಕೆಂದರೆ ಮೂರು ಹಬ್ಬ ಕಳೆಯುವವರೆಗೆ ಮರೆಯುವವರು, ಬೀರೂರಿಗೆ ಹೋಗಿ ದುಪ್ಪಟಿಯನ್ನೂ ರವಿಕೆಯ ಬಟ್ಟೆಯನ್ನೂ ತಂದರು. ಬಟ್ಟೆಯನ್ನು ನನ್ನ ಮುಂದೆ ಹರಡಿ, “ನಿನ್ ಕೈ ಹೊಲಿಗೆ ಚೆನ್ನಾಗಿರತ್ತೆ, ಆರೂ ನೀನೇ ಹೊಲಿ,” ಅಂದರು. ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿ ಒಂದು ತಗಡಿನ ಟ್ರಂಕನ್ನು ಇಳಿಸಿದರು. ಅದು ಮೊದಲ ಹೆಂಡತಿಯದು. ಏಳು ವರ್ಷದಿಂದ ಅದರ ಕೆಳಗೆ ಮಲಗಿ ಎದ್ದಿದ್ದೆ, ಬೀಗದ ಕೈ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಅವರು ಜನಿವಾರದಲ್ಲಿದ್ದ ಬೀಗದ ಕೈಗಳಲ್ಲಿ ಒಂದನ್ನು ಹುಡುಕದೆಯೇ ಹಿಡಿದು ತೆಗೆದರು.

ಒಳಗೆ ನಾಲ್ಕು ಸೀರೆ ಇದ್ದವು. ಒಂದು ಬದನೆಕಾಯಿ ಬಣ್ಣದ್ದು, ಅಂಚಿಗೆ ಸಣ್ಣ ಜರಿ. ಅದನ್ನು ನಾನು ಮುಟ್ಟಿ ನೋಡಿದೆ.

“ಇವು ಅವಳಿಗೆ ಇರಲಿ,” ಅಂದರು. ಗದರಿಸಲಿಲ್ಲ. ಕಚೇರಿಯಲ್ಲಿ ಯಾರಿಗೋ ಖಾತೆ ಓದಿ ಹೇಳುವ ದನಿಯಲ್ಲೇ ಹೇಳಿದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಪಾಪ ಅಂತ ಗೊತ್ತು. ಅವತ್ತು ಅವಳ ಮೇಲೂ ಪಟ್ಟೆ.

ಮರುದಿನ ಹುಡುಗಿ ಬಟ್ಟೆ ಹಿಡಿದು ನನ್ನ ಹತ್ತಿರ ಬಂದಳು. “ಚಿಕ್ಕಮ್ಮ, ಒಂದು ಕೇಳ್ಲಾ? ಆಸ್ಪತ್ರೆ ನರ್ಸಮ್ಮ ಹಾಕ್ಕೊಳ್ತಾರಲ್ಲ, ಭುಜದ ಹತ್ರ ಬುಗ್ಗೆ ಇರೋದು, ಅಂಥಾ ಕೈ ಇಡ್ತೀರಾ? ಮೈಸೂರಲ್ಲಿ ಎಲ್ಲಾರೂ ಅದನ್ನೇ ಹಾಕ್ಕೊಳ್ಳೋದಂತೆ.”

ಆ ನರ್ಸಮ್ಮ ಮೈಸೂರಿನಿಂದ ವರ್ಗವಾಗಿ ಬಂದಿದ್ದವರು. ನಾವೆಲ್ಲ ಮುಂದೆ ಗಂಟು ಹಾಕುವ ರವಿಕೆ ತೊಡುತ್ತಿದ್ದ ಊರಿನಲ್ಲಿ ಅವರು ಗುಂಡಿ ಹಾಕಿದ, ತೋಳು ಉಬ್ಬಿದ ರವಿಕೆ ತೊಟ್ಟು ಓಡಾಡುತ್ತಿದ್ದರು. ಬುಗ್ಗೆ ಎಲ್ಲಿ ಏಳುತ್ತದೆ, ನೆರಿಗೆ ಎಷ್ಟು, ಕೆಳಪಟ್ಟಿ ಹೇಗೆ ತಿರುಗುತ್ತದೆ ಅನ್ನುವುದನ್ನು ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತು ಕಣ್ಣಲ್ಲೇ ಅಳೆದುಕೊಂಡಿದ್ದೆ.

“ಅದೆಲ್ಲ ನಂಗೆ ಬರಲ್ಲಮ್ಮ,” ಅಂದೆ.

ಅವಳು ನಂಬಿದಳು. “ಹೋಗ್ಲಿ ಬಿಡಿ, ನಿಮಗೆ ಬರೋ ಹಾಗೇ ಹೊಲೀರಿ,” ಅಂತ ಹೋದಳು. ಐದು ದಿನದಲ್ಲಿ ಆರು ರವಿಕೆಯನ್ನೂ ಹಳೆಯ ಮಾದರಿಯಲ್ಲಿ ಹೊಲಿದೆ. ಬೇಕೆಂದೇ ತೋಳನ್ನು ಸಡಿಲ ಬಿಟ್ಟೆ. ಮೈಸೂರಿನ ಹುಡುಗಿಯರು ಇವಳನ್ನು ನೋಡಿ ಮುಸಿಮುಸಿ ನಗುವುದು ನನ್ನ ಕಣ್ಣಿಗೆ ಕಟ್ಟುತ್ತಿತ್ತು, ಸೂಜಿ ಸರಾಗವಾಗಿ ಓಡುತ್ತಿತ್ತು. ಉಳಿದ ಬಟ್ಟೆಯಲ್ಲಿ, ಅದು ಸಾಕಷ್ಟು ಉಳಿಯುವ ಹಾಗೆ ಮೊದಲೇ ಕತ್ತರಿಸಿದ್ದೆ, ನನಗೊಂದು ಬುಗ್ಗೆ ಕೈಯ ರವಿಕೆ ಹೊಲಿದುಕೊಂಡೆ.

ಅದನ್ನು ತೊಟ್ಟು ನೋಡುವುದಕ್ಕೆ ಯಾರೂ ಇಲ್ಲದ ಒಂದು ಮಧ್ಯಾಹ್ನ ಆರಿಸಿಕೊಂಡೆ. ಗೋಡೆಯ ಕನ್ನಡಿ ಅಂಗೈಯಗಲದ್ದು, ಒಂದು ಭುಜ ಕಂಡರೆ ಇನ್ನೊಂದು ಕಾಣುತ್ತಿರಲಿಲ್ಲ. ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದೆ. ಡಾಕ್ಟರ ಚೀಟಿಗೆ ಅಂತ ಆಸ್ಪತ್ರೆಗೆ ಹೋಗಿದ್ದ ಹುಡುಗಿ, ಡಾಕ್ಟರು ಇಲ್ಲವೆಂದು ಅರ್ಧ ಗಂಟೆಯಲ್ಲೇ ವಾಪಸು ಬಂದಳು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

“ನಿಮಗೆ ಬರತ್ತಲ್ಲ ಚಿಕ್ಕಮ್ಮ,” ಅಂದಳು. ಆ ಮಾತಿನಲ್ಲಿ ದೂರಿರಲಿಲ್ಲ, ಬರೀ ಆಶ್ಚರ್ಯವಿತ್ತು.

“ಬಂದ್ರೆ ಏನೀಗ? ನಂಗೆ ಬರೋದೆಲ್ಲ ನಿಂಗೇ ಹೊಲಿದುಕೊಡ್ಬೇಕು ಅಂತ ಆ ಪಟ್ಟೀಲಿ ಬರೆದಿದೆಯಾ?”

ಅವಳು ಒಳಗೆ ಹೋಗಿ ನೀರು ಕುಡಿದು, ಪುಸ್ತಕ ತೆಗೆದುಕೊಂಡು ಹಿತ್ತಲಿಗೆ ಹೋದಳು. ನಾನು ಗುಂಡಿ ಬಿಚ್ಚಿದೆ. ಅಪ್ಪನಿಗೆ ಹೇಳುತ್ತಾಳೆ ಅಂತ ಎರಡು ದಿನ ಕಾದೆ. ಅವರು ಕೇಳಿದರೆ ಏನು ಹೇಳಬೇಕು ಅಂತ ಮಾತು ಕೂಡಿಸಿಟ್ಟುಕೊಂಡೆ. ಅವಳು ಹೇಳಲೇ ಇಲ್ಲ. ಅದಕ್ಕೆ ನನಗೆ ಸಮಾಧಾನವಾಗಬೇಕಿತ್ತು, ಆದರೆ ಸಿಟ್ಟು ಇನ್ನೂ ಹೆಚ್ಚಾಯಿತು. ಓದಿನಲ್ಲಿ ಮೇಲು, ಅಪ್ಪನ ಹತ್ತಿರ ಮೇಲು, ಈಗ ಗುಣದಲ್ಲೂ ಮೇಲು ಅನ್ನಿಸಿಕೊಂಡಳಲ್ಲ ಅಂತ.

ಹೊರಡುವುದಕ್ಕೆ ಹತ್ತು ದಿನ ಇರುವಾಗ ಕಡೂರಿನಿಂದ ಅವಳ ಅಜ್ಜಿ ಬಂದರು, ತೀರಿಹೋದವಳ ತಾಯಿ. ಸಖರಾಯಪಟ್ಟಣದ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿದ ಎಣ್ಣೆ, ಸೀಗೆಪುಡಿ, ಚಟ್ನಿಪುಡಿ ಎಲ್ಲ ಅವರೇ ತಂದಿದ್ದರು. ನಾನು ಮಾಡಿಟ್ಟಿದ್ದ ಚಟ್ನಿಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು, “ಇದು ಮನೇಗಿರ್ಲಿ ಕಣಮ್ಮ,” ಅಂದರು. ಮೈಸೂರಿಗೆ ಹುಡುಗಿಯನ್ನು ಬಿಟ್ಟುಬರುವುದಕ್ಕೆ ನಮ್ಮವರ ಜೊತೆ ಅವರೇ ಹೋಗುವುದು ಅಂತಲೂ ಆಗಿಹೋಗಿತ್ತು. ಆ ಮಾತು ಯಾವಾಗ ಆಯಿತು ಅಂತ ನನಗೆ ಯಾರೂ ಹೇಳಿರಲಿಲ್ಲ. ಮೈಸೂರನ್ನು ನಾನು ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ನೋಡಿರಲಿಲ್ಲ.

ಟ್ರಂಕು ತುಂಬುವಾಗ ಅಜ್ಜಿ ರವಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ತೋಳಿನೊಳಗೆ ಮುಷ್ಟಿ ತೂರಿಸಿ ಆಡಿಸಿದರು.

“ಇದೇನು, ಗೋಣಿಚೀಲ ಹೊಲಿದ ಹಾಗೆ ಹೊಲಿದಿದೀಯಲ್ಲ! ನಮ್ಮ ಹುಡುಗಿ ಇದ್ದಿದ್ರೆ ಮಗೂಗೆ ಇಂಥಾದ್ದು ಹಾಕ್ತಿದ್ಲಾ? ಕಡೂರಲ್ಲಿ ಒಬ್ಬ ದರ್ಜಿ ಇದಾನೆ, ಅವನಿಗೇ ಕೊಡ್ತೀನಿ, ಬಿಚ್ಚಿ ಹೊಲಿದುಕೊಡ್ತಾನೆ.”

ಹುಡುಗಿ ಅಲ್ಲೇ ಇದ್ದಳು. ನನ್ನ ಮುಖ ನೋಡಿ, ತಕ್ಷಣ ಬೇರೆ ಕಡೆ ತಿರುಗಿದಳು. ಈಗ ಹೇಳಿಬಿಡುತ್ತಾಳೆ ಅಂದುಕೊಂಡೆ. “ನಾನೇ ಸಡಿಲ ಇರ್ಲಿ ಅಂದಿದ್ದೆ ಅಜ್ಜಿ,” ಅಂದಳು.

ನಾನು ಆರು ರವಿಕೆಯನ್ನೂ ಅಜ್ಜಿಯ ಕೈಯಿಂದ ಕಿತ್ತುಕೊಂಡೆ. “ಯಾವ ದರ್ಜಿಗೂ ಕೊಡ್ಬೇಕಾಗಿಲ್ಲ,” ಅಂದೆ. ನಾಲ್ಕು ದಿನ ಅಡುಗೆಯ ಹೊತ್ತು ಬಿಟ್ಟರೆ ಏಳಲಿಲ್ಲ. ಹೊಲಿಗೆ ಬಿಚ್ಚಿ, ಸಡಿಲ ಬಿಟ್ಟಿದ್ದ ಬಟ್ಟೆಯನ್ನೇ ನೆರಿಗೆ ಹಿಡಿದು ಆರಕ್ಕೂ ಬುಗ್ಗೆ ಇಟ್ಟೆ, ಗುಂಡಿ ಮನೆ ಮಾಡಿದೆ. ಇದನ್ನು ಪಶ್ಚಾತ್ತಾಪ ಅಂತ ಯಾರೂ ತಿಳಿಯಬಾರದು. ಕಡೂರಿನ ದರ್ಜಿ ನನ್ನ ಹೊಲಿಗೆಯನ್ನು ಬಿಚ್ಚಿ ತಿದ್ದುವುದು ನನ್ನಿಂದ ಸಹಿಸಲಾಗದ ಮಾತಾಗಿತ್ತು, ಅಷ್ಟೇ. ಹುಡುಗಿ ಒಂದನ್ನು ತೊಟ್ಟು ಬಂದು ನಿಂತಾಗ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, ಉಳಿದ ಐದನ್ನೂ ಮಡಿಸಿ ಟ್ರಂಕಿಗೆ ಇಟ್ಟರು. ಅವಳಿಗೆ ಅದು ನನಗಿಂತ ಚೆನ್ನಾಗಿ ಕೂತಿತ್ತು. ಅದೂ ಉರಿಯಿತು.

ಅಷ್ಟರಲ್ಲಿ ಮಳೆ ಹಿಡಿದು ಹಿತ್ತಲ ಮೆಟ್ಟಿಲು ಪಾಚಿಗಟ್ಟಿತ್ತು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ಚೊಂಬು ಹಿಡಿದು ಇಳಿಯುವಾಗ ಜಾರಿ ಕೂತುಬಿಟ್ಟರು. ಕಾಲಿನ ಗಿಣ್ಣು ಊದಿಕೊಂಡಿತು. ನಾನು ಅರಿಸಿನ ಸುಣ್ಣ ಬಿಸಿ ಮಾಡಿ ಪಟ್ಟು ಹಾಕಿದೆ. ಬಹಳ ಮೃದುವಾಗಿ ಹಾಕಿದೆ, ಯಾಕೆಂದರೆ ನನಗೆ ತುಂಬಾ ಖುಷಿಯಾಗಿತ್ತು.

“ಈ ಕಾಲಲ್ಲಿ ರೈಲು ಹತ್ತೋಕಾಗಲ್ಲ,” ಅಂದರು ನಮ್ಮವರು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ಹೆಣ್ಣುಮಕ್ಕಳ ಹಾಸ್ಟೆಲು, ಒಬ್ಬರು ಹೆಂಗಸು ಜೊತೇಲಿರಬೇಕು. ನೀನೇ ಬಂದ್ಬಿಡು.”

‘ಬಂದ್ಬಿಡು’ ಅಂದದ್ದನ್ನು ಅವರು ಇನ್ನೊಮ್ಮೆ ಹೇಳುವವರೆಗೂ ನಾನು ಕಾಯಲಿಲ್ಲ. ಮರುದಿನ ಬುಗ್ಗೆ ಕೈಯ ರವಿಕೆ ತೊಟ್ಟು ಸಿದ್ಧಳಾದೆ. “ಇದು ಯಾವಾಗ ಹೊಲ್ಕೊಂಡೆ?” ಅಂತ ಅವರು ಕೇಳಿದರು. ಉಳಿದ ಬಟ್ಟೆಯಲ್ಲಿ ಅಂದೆ. ಹುಡುಗಿ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಿದ್ದವಳು ತಲೆ ಎತ್ತಲಿಲ್ಲ.

ಬೀರೂರಿನಲ್ಲಿ ಒಂದು ಸಲ, ಅರಸೀಕೆರೆಯಲ್ಲಿ ಒಂದು ಸಲ ಗಾಡಿ ಬದಲಾಯಿಸಿದೆವು. ಅವರು ದಾರಿಯುದ್ದಕ್ಕೂ ಮಗಳಿಗೆ ಬುದ್ಧಿ ಹೇಳಿದರು: ವಾರಕ್ಕೊಂದು ಕಾಗದ ಹಾಕು, ನೆನೆದ ತಲೆಯಲ್ಲಿ ಓದಬೇಡ, ಲೆಕ್ಕ ಬರದಿದ್ದರೆ ಕೇಳೋಕೆ ನಾಚ್ಕೋಬೇಡ. ಏಳು ವರ್ಷದಲ್ಲಿ ಅವರು ನನ್ನ ಜೊತೆ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ನೆನಪಿಲ್ಲ. ನಾನು ಕಿಟಕಿಯ ಪಕ್ಕ ಕೂತು ಕಣ್ಣಿಗೆ ಬಿದ್ದ ಇಂಜಿನ್ನಿನ ಕಲ್ಲಿದ್ದಲ ಪುಡಿಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದೆ.

ಮೈಸೂರಿನಲ್ಲಿ ಜಟಕಾದಿಂದ ಇಳಿದಾಗ ಅವರನ್ನು ಗೇಟಿನ ಪಕ್ಕದ ಕೋಣೆಯಲ್ಲೇ ಕೂರಿಸಿದರು. ಒಳಕ್ಕೆ ಗಂಡಸರು ಬರುವ ಹಾಗಿರಲಿಲ್ಲ. ನಾವಿಬ್ಬರೇ ಹೋದೆವು. ಹಜಾರದ ಮೇಜಿನ ಹಿಂದೆ ಮೇಲ್ವಿಚಾರಕಿ ಕೂತಿದ್ದರು, ಐವತ್ತರ ಆಸುಪಾಸಿನ ಹೆಂಗಸು. ಎದುರಿಗೆ ದಪ್ಪ ಪುಸ್ತಕ. ಅವರು ಲೇಖನಿ ಹಿಡಿದು ನಮ್ಮಿಬ್ಬರನ್ನೂ ನೋಡಿದರು. ನಂತರ ನನ್ನ ಕಡೆಗೇ ಮುಗುಳ್ನಕ್ಕು, “ಬಾಮ್ಮ, ಕೂತ್ಕೋ. ಯಾವ ಸ್ಕೂಲಿಂದ ಬಂದಿದೀಯಾ? ಇವಳು ನಿನ್ನ ತಂಗಿಯಾ, ಬಿಟ್ಟು ಹೋಗೋಕೆ ಬಂದಿದಾಳಾ?” ಅಂದರು.

ನಾನು ಉತ್ತರ ಕೊಡಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಾರೆ, ಗೋಡೆಯ ಗಡಿಯಾರ ಒಂದೆರಡು ಸಲ ಟಿಕ್ ಅಂದಿರಬಹುದು. ಅಷ್ಟು ಹೊತ್ತು ಆ ಹಾಸ್ಟೆಲಿಗೆ ಸೇರುವುದಕ್ಕೆ ಬಂದವಳು ನಾನೇ ಆಗಿದ್ದೆ. ಅಜ್ಜಂಪುರದ ಶಾಲೆಯಿಂದ ಅನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು.

“ಇವರು ನಮ್ಮ ಅಮ್ಮ,” ಅಂದಳು ಹುಡುಗಿ.

ಏಳು ವರ್ಷ ಬಾರದ ಮಾತು ಬಂತು. ಮೇಲ್ವಿಚಾರಕಿ ನಾಲಿಗೆ ಕಚ್ಚಿಕೊಂಡು, “ಓ, ತಪ್ಪು ತಿಳ್ಕೋಬೇಡಿ,” ಅಂತ ನನಗೆ ಬಹುವಚನ ಹಚ್ಚಿ, ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು. ಯಾವ ಮಾತಿಗೆ ನಾನು ಹಂಬಲಿಸಿದ್ದೆನೋ ಅದೇ ಮಾತು ನನ್ನ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯಿತು. ಆ ಒಂದು ಗಳಿಗೆ ಅವಳು ಚಿಕ್ಕಮ್ಮ ಅಂತಲೂ ಅನ್ನದೆ, ಅಕ್ಕ ಅಂದಿದ್ದರೆ ಅನ್ನಿಸಿತು. ಅವಳು ಅದನ್ನು ಪ್ರೀತಿಯಿಂದ ಅಂದಳೋ, ಹೆಚ್ಚು ವಿವರ ಹೇಳುವ ತಾಪತ್ರಯ ಬೇಡವೆಂದು ಅಂದಳೋ ನಾನು ಯಾವತ್ತೂ ಕೇಳಿಲ್ಲ.

ಅವಳ ಕೋಣೆಯಲ್ಲಿ ನಾಲ್ಕು ಮಂಚ. ಕಿಟಕಿಯ ಪಕ್ಕದ್ದು ಅವಳಿಗೆ. ಒಂದು ಸಣ್ಣ ಮೇಜು, ಗೋಡೆಯಲ್ಲಿ ಬೀಗ ಹಾಕುವ ಗೂಡು. ನಾನು ಹಾಸಿಗೆ ಬಿಡಿಸಿ ಹಾಸಿ, ದುಪ್ಪಟಿಯ ಸುಕ್ಕು ತೆಗೆದೆ. ಅವಳು ಲಾಂದ್ರವನ್ನು ಎಲ್ಲಿಡಬೇಕು ಅಂತ ಕೇಳಲು ಹೊರಗೆ ಹೋದಾಗ ಮಂಚದ ಮೇಲೆ ಕೂತೆ, ಮೇಜಿನ ಮೇಲೆ ಎರಡು ಕೈ ಇಟ್ಟು ನೋಡಿದೆ. ಬೆಳಕು ಎಡಗಡೆಯಿಂದ ಚೆನ್ನಾಗಿ ಬೀಳುತ್ತಿತ್ತು, ಬರೆಯುವುದಕ್ಕೆ. ಅವಳ ಹೆಜ್ಜೆ ಕೇಳಿದಾಗ ಎದ್ದು ನಿಂತು ಸೊಳ್ಳೆಪರದೆಯ ಮಾತು ಎತ್ತಿದೆ.

ಹೊರಡುವಾಗ ಅವಳು ಕಾಲಿಗೆ ಬಿದ್ದಳು. ಕಣ್ಣು ತುಂಬಿತ್ತು. ನಾನೂ ಅತ್ತೆ. ನೋಡಿದವರು ಎಂಥಾ ಒಳ್ಳೆಯ ಮಲತಾಯಿ ಅಂದುಕೊಂಡಿರಬೇಕು.

ಊರಿಗೆ ಬಂದು ಹದಿನೈದು ದಿನ ಕಳೆದ ಮೇಲೆ ಅವರ ಊಟದ ಹೊತ್ತಿನಲ್ಲಿ ಕೇಳಿದೆ. “ನಾನೂ ಓದ್ತೀನಿ. ಮನೇಲೇ ಓದಿ ಪರೀಕ್ಷೆ ಕಟ್ಟಬಹುದಂತಲ್ಲ.”

“ಯಾಕೆ?” ಅಂದರು, ನಿಜವಾಗಿಯೂ ಅರ್ಥವಾಗದೆ.

“ಸುಮ್ನೆ.”

“ಸುಮ್ನೆ ಯಾರಾದ್ರೂ ಪರೀಕ್ಷೆ ಕಟ್ತಾರಾ? ಸಾರು ಬಡಿಸು,” ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಮಾತು ಅಲ್ಲಿಗೆ ಮುಗಿಯಿತು.

ದಸರಾ ರಜಕ್ಕೆ ಹುಡುಗಿ ಬಂದಳು. ಇಳಿದುಹೋಗಿದ್ದಳು. ಹಾಸ್ಟೆಲಿನ ಸಾರು ನೀರು, ಪಕ್ಕದ ಮಂಚದವಳು ಗೊರಕೆ ಹೊಡೆಯುತ್ತಾಳೆ, ಲೆಕ್ಕದಲ್ಲಿ ಹಿಂದೆ ಬಿದ್ದಿದ್ದೇನೆ ಅಂತ ಒಂದೊಂದೇ ಹೇಳಿಕೊಂಡಳು. ಕೇಳಿ ಕೇಳಿ ನನಗೆ ಹಿತವಾಯಿತು. ಅವಳಿಗೆ ಎರಡು ಹೊತ್ತೂ ತುಪ್ಪ ಬಡಿಸಿದೆ. ಮನೆಗೆ ಬಂದವಳಿಗೆ ನಾನು ಮತ್ತೆ ಚಿಕ್ಕಮ್ಮನೇ ಆಗಿದ್ದೆ. ಒಂದು ದಿನ ಧೈರ್ಯ ಮಾಡಿ, “ಇಂಗ್ಲಿಷ್ ಅಕ್ಷರ ಹೇಳ್ಕೊಡ್ತೀಯಾ?” ಅಂದೆ. ಅವಳು ಸ್ಲೇಟು ಹುಡುಕಿ ತಂದಳು. ಅವಳಿಗೆ ತಾಳ್ಮೆ ಇರಲಿಲ್ಲ, ನನಗೆ ವಿನಯವಿರಲಿಲ್ಲ. “ಅದಲ್ಲ ಚಿಕ್ಕಮ್ಮ, ಎಷ್ಟು ಸಲ ಹೇಳ್ಲಿ” ಅಂದಾಗ ಸ್ಲೇಟನ್ನು ತಳ್ಳಿ ಎದ್ದುಬಿಟ್ಟೆ. ಒಂದು ದಿನ ಇಬ್ಬರೂ ಮಾತಾಡಲಿಲ್ಲ. ಮರುದಿನ ಅವಳೇ ಸ್ಲೇಟು ಒರೆಸಿ ತಂದಿಟ್ಟಳು. ರಜ ಮುಗಿಯುವ ಹೊತ್ತಿಗೆ ದೊಡ್ಡಕ್ಷರಗಳು ಇಪ್ಪತ್ತಾರೂ ಬಂದಿದ್ದವು.

ಅವಳು ಮುಂದೆ ಬಿ.ಎ. ಮುಗಿಸಿ ದೂರದ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮ ಆದಳು, ತಡವಾಗಿ ಮದುವೆಯಾದಳು. ನನಗೂ ಆಮೇಲೆ ಎರಡು ಮಕ್ಕಳಾದವು. ಹೊಟ್ಟೆಕಿಚ್ಚು ಅಷ್ಟರಲ್ಲಿ ಆರಿಹೋಯಿತು ಅಂತ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆರಲಿಲ್ಲ. ಅವಳು ಪಾಸಾದಾಗ, ಕೆಲಸ ಸಿಕ್ಕಾಗ, ಒಬ್ಬಳೇ ರೈಲಿನಲ್ಲಿ ಬಂದಿಳಿದಾಗ, ಪ್ರತಿ ಸಲವೂ ಒಂದಿಷ್ಟು ಎದ್ದೇ ಏಳುತ್ತಿತ್ತು. ಹೀಗೆ ಇದ್ದುಕೊಂಡೇ ನಾವು ಒಬ್ಬರಿಗೊಬ್ಬರು ಬೇಕಾದವರಾದೆವು.

ಆದರೆ ಆ ಮೊದಲ ವರ್ಷದ್ದೇ ಇನ್ನೊಂದು ಸಂಗತಿ ಹೇಳಬೇಕು. ಸಂಕ್ರಾಂತಿ ಕಳೆದ ಮೇಲೆ ನಾನು ತವರಿಗೆ ಹೋದೆ. ಅಣ್ಣ ಬೀರೂರಿಗೆ ಬಂದು ಕರೆದುಕೊಂಡು ಹೋದ. ಅಜ್ಜಂಪುರದಲ್ಲಿ ಇಳಿದಾಗ ಅಣ್ಣ ಗಂಟು ಹಿಡಿದು ಮುಂದೆ ಹೋಗಿಬಿಟ್ಟ, ನಾನು ನಿಲ್ದಾಣದ ಹಲಗೆಯ ಮುಂದೆ ನಿಂತೆ. ಹುಟ್ಟಿದಾಗಿನಿಂದ ನೋಡಿದ ಹಲಗೆ, ಅದರ ಇಂಗ್ಲಿಷ್ ಸಾಲನ್ನು ಮಾತ್ರ ಯಾವತ್ತೂ ಓದಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿದೆ. ಒತ್ತಕ್ಷರ ಅವರ ಹತ್ತಿರ ಇಲ್ಲ, ಎರಡು ‘ಜ’ವನ್ನು ಪಕ್ಕಪಕ್ಕ ನಿಲ್ಲಿಸುತ್ತಾರೆ ಅನ್ನುವುದು ಯಾರೂ ಹೇಳದೆ ನನಗೇ ಹೊಳೆಯಿತು. ಕೊನೆಗೆ ಬಂದಾಗ ತಡೆದು ನಿಂತೆ. ಅಜ್ಜಂಪುರ್ ಅಂತಿತ್ತು. ರಕಾರ ಅರ್ಧಕ್ಕೇ ನಿಂತಿತ್ತು. ಎರಡು ಸಲ, ಮೂರು ಸಲ ಓದಿದೆ. ತಪ್ಪು ನನ್ನದಲ್ಲ, ಹಲಗೆಯದೇ.

ಮನೆಗೆ ಹೋದವಳೇ ಅಣ್ಣನ ಹತ್ತಿರ ಕಾರ್ಡು ಇಸಿದುಕೊಂಡು ಮೈಸೂರಿಗೆ ಬರೆದೆ. ‘ನೀನು ಅಷ್ಟು ದೂರ ಹೋಗಿ ಕಲಿಯುವ ಇಂಗ್ಲಿಷಿನವರಿಗೆ ನನ್ನ ತವರಿನ ಹೆಸರು ಪೂರ್ತಿ ಬರೆಯಲು ಬಾರದು. ನಾನು ಇವತ್ತು ಕಂಡುಹಿಡಿದೆ. ನಿಮ್ಮ ಮೇಷ್ಟ್ರನ್ನು ಕೇಳು.’ ಕುಶಲ ಕೇಳುವುದು ಮರೆತಿತ್ತು, ಅದನ್ನು ಅಂಚಿನಲ್ಲಿ ಸೇರಿಸಿದೆ. ಅಣ್ಣ ಅಂಚೆಗೆ ಹಾಕಲು ಹೊರಟ ಮೇಲೆ ಚೆನ್ನಾಗಿ ಹಸಿವಾಯಿತು. ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಒಲೆಯ ಪಕ್ಕದಲ್ಲೇ ಕೂತು ಮೂರು ರೊಟ್ಟಿ ತಿಂದೆ.